ಖಾತೆ ಬದಲಾಗಿದೆ ಎಂಬ ಇಮೇಲ್ ನಂಬಿ 3,64,000 ರೂಪಾಯಿ ಕಳುಹಿಸಿಬಿಟ್ಟೆ, ಈಗ ಏನು ಮಾಡಬೇಕು?

ಹಾಳೆತಟ್ಟೆ, ಸಾಗರ
ಸೋಮವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಕೈ ನಡುಗುತ್ತಿದೆ, ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ಸಾಗರ ತಾಲ್ಲೂಕಿನಲ್ಲಿ ಅಡಿಕೆ ಹಾಳೆಯ ತಟ್ಟೆ ಮಾಡುವ ಸಣ್ಣ ಘಟಕ ನನ್ನದು. ಏಳು ಜನ ಕೆಲಸಕ್ಕಿದ್ದಾರೆ. ಈ ವರ್ಷ ಹಾಳೆ ಚೆನ್ನಾಗಿ ಸಿಕ್ಕಿತು, ಇನ್ನೊಂದು ಹೈಡ್ರಾಲಿಕ್ ಯಂತ್ರ ಹಾಕಿಸೋಣವೆಂದು ಕೊಯಮತ್ತೂರಿನ ತಯಾರಕರಿಗೆ ಮುಂಗಡ ಕೊಟ್ಟಿದ್ದೆ. ಅವರಿಂದ ಈ ಹಿಂದೆ ಎರಡು ಯಂತ್ರ ತಂದಿದ್ದೇನೆ, ಒಂದು ದಿನವೂ ಮಾತಿಗೆ ತಪ್ಪಿದವರಲ್ಲ. ಬಾಕಿ 3,64,000 ರೂಪಾಯಿ ಯಂತ್ರ ಹೊರಡುವ ಮುನ್ನ ಕೊಡಬೇಕಿತ್ತು.

ಗುರುವಾರ ಅವರಿಂದ ಇಮೇಲ್ ಬಂತು. ಲೆಕ್ಕ ಪರಿಶೋಧನೆ ನಡೆಯುತ್ತಿರುವುದರಿಂದ ಹಳೆಯ ಖಾತೆಗೆ ಹಣ ಹಾಕಬೇಡಿ, ನಮ್ಮ ಸೋದರ ಸಂಸ್ಥೆಯ ಈ ಖಾತೆಗೆ ಹಾಕಿ ಎಂದು ಬರೆದಿತ್ತು. ಕೆಳಗೆ ನಮ್ಮಿಬ್ಬರ ಹಳೆಯ ಪತ್ರಗಳೆಲ್ಲ ಹಾಗೆಯೇ ಇದ್ದವು. ಹತ್ತು ಅಂಗುಲದ ಎರಡು ಅಚ್ಚು, ಹನ್ನೆರಡು ಅಂಗುಲದ ಒಂದು ಅಚ್ಚು ಬೇಕೆಂದು ನಾನು ಕೇಳಿದ್ದೂ ಅದರಲ್ಲಿತ್ತು. ಹೊರಗಿನವರಿಗೆ ಇದು ಗೊತ್ತಾಗುವ ಮಾತೇ? ಶುಕ್ರವಾರ ಮಧ್ಯಾಹ್ನ ಆರ್‌ಟಿಜಿಎಸ್ ಮಾಡಿದೆ. ಪರದೆಯ ಮೇಲೆ ಖಾತೆದಾರರ ಹೆಸರು ಬೇರೆ ಬಂತು. ಸೋದರ ಸಂಸ್ಥೆ ಎಂದು ಮೊದಲೇ ಹೇಳಿದ್ದಾರಲ್ಲ ಎಂದುಕೊಂಡು ಮುಂದುವರಿದೆ.

ಇವತ್ತು ಸಂಜೆ ತಯಾರಕರು ಫೋನ್ ಮಾಡಿ, ಯಂತ್ರ ಲಾರಿಗೆ ಏರಿಸಲು ಸಿದ್ಧವಾಗಿದೆ, ಬಾಕಿ ಯಾವಾಗ ಕಳುಹಿಸುತ್ತೀರಿ ಎಂದು ಕೇಳಿದರು. ಆಮೇಲೆ ಪತ್ರವನ್ನು ಹಿಗ್ಗಿಸಿ ನೋಡಿದೆ. ಅವರ ವಿಳಾಸದಲ್ಲಿ ಇಂಗ್ಲಿಷಿನ ಎಮ್ ಅಕ್ಷರವಿದೆ. ಈ ಪತ್ರದ ವಿಳಾಸದಲ್ಲಿ ಆ ಜಾಗದಲ್ಲಿ ಆರ್ ಮತ್ತು ಎನ್ ಒತ್ತೊತ್ತಾಗಿ ಕೂತಿವೆ. ಮೊಬೈಲಿನಲ್ಲಿ ನೋಡಿದರೆ ಎಮ್ ಎಂದೇ ಕಾಣುತ್ತದೆ.

ಮನೆಯಲ್ಲಿ ಹೆಂಡತಿಗೆ ಮಾತ್ರ ಹೇಳಿದ್ದೇನೆ. ನಾಳೆ ಬ್ಯಾಂಕಿಗೆ ಹೋದರೆ ಸಾಕೇ?

ನಿವೃತ್ತ ಬ್ಯಾಂಕ್ ನೌಕರ, ದಾವಣಗೆರೆ
ಸೋಮವಾರ, ರಾತ್ರಿ 9.51

ನಾಳೆಯ ತನಕ ಕಾಯಬೇಡಿ. ಇದನ್ನು ಓದಿದ ತಕ್ಷಣ 1930ಕ್ಕೆ ಫೋನ್ ಮಾಡಿ. ಉಳಿದದ್ದು ಆಮೇಲೆ.

ಕೈಯಲ್ಲಿ ಇವನ್ನು ಇಟ್ಟುಕೊಳ್ಳಿ: ನಿಮ್ಮ ಖಾತೆ ಸಂಖ್ಯೆ, ಹಣ ಹೋದ ಖಾತೆಯ ಸಂಖ್ಯೆ ಮತ್ತು ಐಎಫ್‌ಎಸ್‌ಸಿ, ದಿನಾಂಕ, ಸಮಯ, ಮೊತ್ತ, ಮತ್ತು ಯುಟಿಆರ್ ಸಂಖ್ಯೆ, ಅಂದರೆ ಆ ವರ್ಗಾವಣೆಗೆ ಬ್ಯಾಂಕ್ ಕೊಟ್ಟ ಗುರುತಿನ ಸಂಖ್ಯೆ. ಆರ್‌ಟಿಜಿಎಸ್‌ನ ಯುಟಿಆರ್ 22 ಅಕ್ಷರಗಳದ್ದು, ಒಂದು ಅಕ್ಷರ ತಪ್ಪಿದರೂ ಹುಡುಕುವುದು ಕಷ್ಟ. ಬ್ಯಾಂಕಿನಿಂದ ಬಂದ ಎಸ್ಎಂಎಸ್ ನೋಡಿಕೊಂಡು ಓದಿ ಹೇಳಿ.

1930 ಕೇಂದ್ರ ಗೃಹ ಸಚಿವಾಲಯದ ಸಹಾಯವಾಣಿ. ಅಲ್ಲಿ ದೂರು ದಾಖಲಾದರೆ ಹಣ ಹೋದ ಬ್ಯಾಂಕಿಗೆ ಅದೇ ವ್ಯವಸ್ಥೆಯ ಮೂಲಕ ಸೂಚನೆ ಹೋಗುತ್ತದೆ. ಆ ಖಾತೆಯಲ್ಲಿ ಇನ್ನೂ ಉಳಿದಿರುವಷ್ಟನ್ನು ತಡೆಹಿಡಿಯುತ್ತಾರೆ. ಮುಂದಿನ ಖಾತೆಗೆ ದಾಟಿದ್ದರೆ ಅಲ್ಲಿಗೂ ಸೂಚನೆ ಹೋಗುತ್ತದೆ. ಮೂರು ದಿನ ಕಳೆದಿದೆ ನಿಜ, ಆದರೂ ಪೂರ್ತಿ ಹೋಗಿರುತ್ತದೆ ಎಂದು ನೀವೇ ತೀರ್ಮಾನ ಮಾಡಬೇಡಿ.

ಅದಾದ ಮೇಲೆ ನಿಮ್ಮ ಬ್ಯಾಂಕಿನ ದೂರು ಸಂಖ್ಯೆಗೂ ಫೋನ್ ಮಾಡಿ. ಆ ಸಂಖ್ಯೆಯನ್ನು ಪಾಸ್‌ಬುಕ್ಕಿನಿಂದಲೋ ಡೆಬಿಟ್ ಕಾರ್ಡಿನ ಹಿಂಬದಿಯಿಂದಲೋ ತೆಗೆದುಕೊಳ್ಳಿ. ಗೂಗಲ್‌ನಲ್ಲಿ ಹುಡುಕಿ ತೆಗೆಯಬೇಡಿ, ಅಲ್ಲಿ ನಕಲಿ ಸಹಾಯವಾಣಿಗಳನ್ನು ಹಾಕಿ ಕೂತವರಿದ್ದಾರೆ.

ಹಾಳೆತಟ್ಟೆ, ಸಾಗರ
ಸೋಮವಾರ, ರಾತ್ರಿ 11.05

ಹತ್ತು ನಿಮಿಷ ಪ್ರಯತ್ನಿಸಿದ ಮೇಲೆ ಸಂಪರ್ಕ ಸಿಕ್ಕಿತು. ತಾಳ್ಮೆಯಿಂದ ಎಲ್ಲ ಬರೆದುಕೊಂಡರು. ಎಸ್ಎಂಎಸ್‌ನಲ್ಲಿ ದೂರಿನ ಸಂಖ್ಯೆ ಬಂದಿದೆ. ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್ ಜಾಲತಾಣದಲ್ಲಿ ದೂರನ್ನು ಪೂರ್ಣ ಮಾಡಬೇಕೆಂದು ಹೇಳಿದರು, ಮಗಳು ತುಂಬುತ್ತಿದ್ದಾಳೆ. ಬ್ಯಾಂಕಿಗೂ ಹೇಳಿದ್ದಾಯಿತು.

ಒಂದು ಮಾತು ಹೇಳಲೇಬೇಕು. ತಪ್ಪು ಆ ತಯಾರಕರದ್ದು. ಅವರ ಇಮೇಲ್ ಯಾರದೋ ಕೈಗೆ ಸಿಕ್ಕಿರುವುದರಿಂದಲೇ ನಮ್ಮ ಮಾತುಕತೆ ಕಳ್ಳರಿಗೆ ಗೊತ್ತಾಗಿದೆ. ನಷ್ಟವನ್ನು ಅವರೇ ತುಂಬಿಕೊಡಬೇಕು ಎಂದು ಬೆಳಿಗ್ಗೆ ಫೋನ್ ಮಾಡಿ ಹೇಳುವವನಿದ್ದೇನೆ.

ಸರ್ವರ್ ಕಾಯುವವ, ಬೆಂಗಳೂರು
ಸೋಮವಾರ, ರಾತ್ರಿ 11.30

ಸರ್, ಫೋನ್ ಮಾಡುವ ಮುನ್ನ ಒಂದು ಕೆಲಸ ಮಾಡಿ. ನಿಮ್ಮ ಇಮೇಲ್ ಪೆಟ್ಟಿಗೆಯನ್ನೇ ಮೊದಲು ಶೋಧಿಸಿ.

ಇಬ್ಬರ ನಡುವಿನ ಪತ್ರ ಮೂರನೆಯವನಿಗೆ ಗೊತ್ತಾಗಿದೆ ಎಂದರೆ ಇಬ್ಬರಲ್ಲಿ ಒಬ್ಬರ ಪೆಟ್ಟಿಗೆ ತೆರೆದಿದೆ. ಯಾರದೆಂದು ಈಗಲೇ ಹೇಳಲು ಬರುವುದಿಲ್ಲ. ನಾನು ನೋಡಿದ ಪ್ರಕರಣಗಳಲ್ಲಿ ಒಳಗೆ ಬಂದವನು ಪಾಸ್‌ವರ್ಡ್ ಬದಲಿಸುವುದಿಲ್ಲ, ಏನನ್ನೂ ಅಳಿಸುವುದಿಲ್ಲ. ವಾರಗಟ್ಟಲೆ ಸುಮ್ಮನೆ ಓದುತ್ತಾನೆ. ದೊಡ್ಡ ಮೊತ್ತದ ಬಿಲ್ ಹತ್ತಿರವಾದಾಗ ಒಂದು ಫಿಲ್ಟರ್ ಹಾಕುತ್ತಾನೆ: ಇಂಥವರಿಂದ ಬರುವ ಪತ್ರ ಇನ್‌ಬಾಕ್ಸ್‌ಗೆ ಬರದಿರಲಿ, ಓದಿದ್ದೆಂದು ಗುರುತಾಗಲಿ. ಅಲ್ಲಿಂದಾಚೆ ನಿಜವಾದವರು ಬರೆದದ್ದು ನಿಮಗೆ ಕಾಣುವುದಿಲ್ಲ. ಆ ಜಾಗದಲ್ಲಿ ಅವನು ತನ್ನ ಹೋಲಿಕೆಯ ವಿಳಾಸದಿಂದ ಬರೆಯುತ್ತಾನೆ. ನೀವು ಉತ್ತರಿಸಿದ್ದೂ ಅವನಿಗೇ ಹೋಗುತ್ತದೆ.

ನಿಮ್ಮದು ಜಿಮೇಲ್ ಆಗಿದ್ದರೆ ಕಂಪ್ಯೂಟರಿನಲ್ಲಿ ತೆರೆಯಿರಿ. ಮೊಬೈಲ್ ಆ್ಯಪಿನಲ್ಲಿ ಈ ಪಟ್ಟಿ ಕಾಣುವುದಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಫಿಲ್ಟರ್‌ಗಳ ಪುಟ, ಫಾರ್ವರ್ಡಿಂಗ್ ಪುಟ ಎರಡನ್ನೂ ನೋಡಿ. ಇನ್‌ಬಾಕ್ಸ್ ಪುಟದ ತಳದಲ್ಲಿ ಬಲಗಡೆ ಸಣ್ಣ ಅಕ್ಷರದಲ್ಲಿ ಕೊನೆಯ ಚಟುವಟಿಕೆಯ ವಿವರ ಇರುತ್ತದೆ. ಅದನ್ನು ಒತ್ತಿದರೆ ಇತ್ತೀಚೆಗೆ ಎಲ್ಲೆಲ್ಲಿಂದ ಒಳಬಂದಿದ್ದಾರೆ ಎಂದು ತೋರಿಸುತ್ತದೆ.

ಏನಾದರೂ ಕಂಡರೆ ಅಳಿಸಬೇಡಿ. ಮೊದಲು ಪರದೆಯ ಚಿತ್ರ ತೆಗೆದಿಡಿ.

ಹಾಳೆತಟ್ಟೆ, ಸಾಗರ
ಮಂಗಳವಾರ, ಬೆಳಿಗ್ಗೆ 6.20

ರಾತ್ರಿ ಎರಡು ಗಂಟೆಯವರೆಗೆ ಕೂತು ನೋಡಿದೆವು. ಫಿಲ್ಟರ್ ನನ್ನ ಪೆಟ್ಟಿಗೆಯಲ್ಲೇ ಇದೆ.

ಒಂದೇ ಸಾಲು. ಕೊಯಮತ್ತೂರಿನವರ ವಿಳಾಸ, ಅದರ ಮುಂದೆ ಇನ್‌ಬಾಕ್ಸ್ ತಪ್ಪಿಸು, ಓದಿದ್ದೆಂದು ಗುರುತಿಸು. ಆಮೇಲೆ ಮಗಳು ಎಲ್ಲ ಪತ್ರಗಳು ಎಂಬ ಕಡತ ತೆರೆದು ಅವರ ಹೆಸರು ಹುಡುಕಿದಳು. ಅವರು ಬುಧವಾರವೇ ಕಳುಹಿಸಿದ್ದ ನಿಜವಾದ ಬಿಲ್ ಅಲ್ಲಿತ್ತು, ಹಳೆಯ ಖಾತೆಯ ಸಂಖ್ಯೆಯೊಂದಿಗೆ. ಶನಿವಾರ ಇನ್ನೊಂದು ಪತ್ರ ಬರೆದಿದ್ದಾರೆ: ಸರ್, ಬಿಲ್ ತಲುಪಿತೇ? ಅದನ್ನು ಓದಿ ನನಗೆ ಮಾತೇ ಹೊರಡಲಿಲ್ಲ. ನಾನು ಅವರನ್ನು ಕಳ್ಳರಿಗೆ ಬಾಗಿಲು ತೆರೆದವರು ಎಂದು ಇಲ್ಲಿ ಬರೆದುಬಿಟ್ಟಿದ್ದೇನೆ. ಬಾಗಿಲು ತೆರೆದಿದ್ದು ನನ್ನ ಮನೆಯದೇ.

ಹೇಗೆ ಆಯಿತೆಂದು ಯೋಚಿಸುತ್ತಿದ್ದಾಗ ಹೆಂಡತಿ ನೆನಪಿಸಿದಳು. ಒಂದೂವರೆ ತಿಂಗಳ ಹಿಂದೆ ನಿಮ್ಮ ಪೆಟ್ಟಿಗೆಯ ಜಾಗ ತುಂಬಿದೆ, 24 ಗಂಟೆಯೊಳಗೆ ದೃಢಪಡಿಸದಿದ್ದರೆ ಪತ್ರಗಳು ಬರುವುದು ನಿಲ್ಲುತ್ತದೆ ಎಂದು ಬಂದಿತ್ತು. ಅಂದು ತೋಟದಲ್ಲಿ ಔಷಧಿ ಹೊಡೆಸುತ್ತಿದ್ದೆ. ಮೊಬೈಲಿನಲ್ಲೇ ಒತ್ತಿ ಪಾಸ್‌ವರ್ಡ್ ಹಾಕಿ, ಸರಿಹೋಯಿತು ಎಂದು ಅವಳಿಗೆ ಹೇಳಿದ್ದೆನಂತೆ. ಪಾಸ್‌ವರ್ಡ್ ಹಾಕಿದ ಮೇಲೆ ಫೋನಿನಲ್ಲಿ ಇನ್ನೊಮ್ಮೆ ಕೇಳುವ ಎರಡು ಹಂತದ ಪರಿಶೀಲನೆ ನನ್ನದರಲ್ಲಿ ಇರಲಿಲ್ಲ.

ಚಿತ್ರ ತೆಗೆದಿಟ್ಟಿದ್ದೇವೆ. ಪಾಸ್‌ವರ್ಡ್ ಬದಲಿಸಿದೆ. ಇನ್ನು ಫಿಲ್ಟರ್ ಅಳಿಸಬಹುದೇ?

ಸರ್ವರ್ ಕಾಯುವವ, ಬೆಂಗಳೂರು
ಮಂಗಳವಾರ, ಬೆಳಿಗ್ಗೆ 7.05

ಚಿತ್ರದಲ್ಲಿ ದಿನಾಂಕ, ಸಮಯ ಕಾಣುತ್ತಿದ್ದರೆ ಅಳಿಸಿ. ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಫಿಲ್ಟರ್ ಹೋಗುವುದಿಲ್ಲ, ಬಹಳ ಜನ ಅಲ್ಲೇ ಎಡವುತ್ತಾರೆ. ಫಾರ್ವರ್ಡಿಂಗ್ ವಿಳಾಸ, ಖಾತೆ ಮರಳಿ ಪಡೆಯಲು ಕೊಟ್ಟಿರುವ ಮೊಬೈಲ್ ಸಂಖ್ಯೆ ಮತ್ತು ಇಮೇಲ್, ಸಂಪರ್ಕ ಪಡೆದಿರುವ ಹೊರಗಿನ ಆ್ಯಪ್‌ಗಳು, ಇವೆಲ್ಲವನ್ನೂ ಒಂದೊಂದಾಗಿ ನೋಡಿ. ಅಪರಿಚಿತ ಸಾಧನಗಳಿದ್ದರೆ ಹೊರಹಾಕಿ. ಎರಡು ಹಂತದ ಪರಿಶೀಲನೆ ಇವತ್ತೇ ಹಾಕಿ. ಪಾಸ್‌ಕೀ, ಅಂದರೆ ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು ಅಥವಾ ಲಾಕ್‌ನಿಂದಲೇ ಒಳಹೋಗುವ ವ್ಯವಸ್ಥೆ, ಮಾಡಿಕೊಂಡರೆ ಇನ್ನೂ ಒಳ್ಳೆಯದು, ಏಕೆಂದರೆ ಅದು ನಿಜವಾದ ತಾಣದಲ್ಲಿ ಮಾತ್ರ ಕೆಲಸ ಮಾಡುತ್ತದೆ. ನಕಲಿ ಪುಟ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಕೊಡಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಮೋಸದ ಪತ್ರವನ್ನು ಬೇರೆಯವರಿಗೆ ಫಾರ್ವರ್ಡ್ ಮಾಡಿ ಸಾಕ್ಷಿ ಎಂದುಕೊಳ್ಳಬೇಡಿ. ಫಾರ್ವರ್ಡ್ ಮಾಡಿದಾಗ, ಪತ್ರ ಎಲ್ಲಿಂದ ಹೇಗೆ ಬಂತೆಂದು ಹೇಳುವ ಅದರ ತಲೆಬರಹದ ಸಾಲುಗಳು ಉಳಿಯುವುದಿಲ್ಲ. ಮೂಲವನ್ನು ತೋರಿಸು ಎಂಬಲ್ಲಿ ಹೋಗಿ ಇಡೀ ಕಡತವನ್ನು ಇಳಿಸಿಟ್ಟುಕೊಳ್ಳಿ. ಆ ಪುಟದಲ್ಲಿ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮೂರು ಪರೀಕ್ಷೆಗಳ ಫಲಿತಾಂಶ ಇರುತ್ತದೆ. ನಿಮ್ಮ ಪ್ರಕರಣದಲ್ಲಿ ಮೂರರಲ್ಲೂ ಪಾಸ್ ಎಂದು ಬಂದಿದ್ದರೆ ಆಶ್ಚರ್ಯಪಡಬೇಡಿ. ಪತ್ರ ಆ ಹೆಸರಿನ ಡೊಮೈನ್‌ನಿಂದಲೇ (ವಿಳಾಸದಲ್ಲಿ ಅಟ್ ಚಿಹ್ನೆಯ ನಂತರದ ಭಾಗ) ಬಂದಿದೆ ಎಂದಷ್ಟೇ ಅವು ಹೇಳುತ್ತವೆ. ಆರ್ ಮತ್ತು ಎನ್ ಇರುವ ಆ ಡೊಮೈನ್ ಕಳ್ಳನ ಸ್ವಂತದ್ದು, ಅವನು ಅದಕ್ಕೆ ಎಲ್ಲ ಸರಿಯಾದ ದಾಖಲೆ ಮಾಡಿಟ್ಟಿರುತ್ತಾನೆ.

ಗಣಿತ ಮೇಡಂ, ಗದಗ
ಮಂಗಳವಾರ, ಬೆಳಿಗ್ಗೆ 8.15

ಹಾಳೆತಟ್ಟೆ ಅಣ್ಣನವರೇ, ಹೆಂಡತಿಗೆ ಮಾತ್ರ ಹೇಳಿದ್ದೇನೆ ಎಂದು ಬರೆದಿದ್ದೀರಿ. ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿ. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡರೆ ಏನಾಗುತ್ತದೆ ಎಂದು ನಮ್ಮ ಮನೆಯಲ್ಲಿ ನೋಡಿದ್ದೇನೆ.

ಕಳೆದ ವರ್ಷ ನಮ್ಮ ತಂದೆಯವರಿಗೆ ಒಂದು ಇಮೇಲ್ ಬಂತು. ಜೊತೆಗೆ ಪಿಡಿಎಫ್ ಪತ್ರ. ಮೇಲೆ ಮೂರು ಸಿಂಹದ ಲಾಂಛನ, ಕೆಳಗೆ ಕೆಂಪು ಮೊಹರು, ನೀಲಿ ಶಾಯಿಯ ಸಹಿ. ನೀವು ಮಕ್ಕಳ ಅಶ್ಲೀಲ ಚಿತ್ರ ನೋಡಿದ್ದೀರಿ, 24 ಗಂಟೆಯಲ್ಲಿ ವಿವರಣೆ ಕೊಡದಿದ್ದರೆ ಬಂಧಿಸಿ ಟಿವಿಯಲ್ಲಿ ಹಾಕುತ್ತೇವೆ ಎಂದಿತ್ತು. ಅವರಿಗೆ ಎಪ್ಪತ್ತಾರು ವರ್ಷ. ಇಮೇಲ್ ಇರುವುದು ಪಿಂಚಣಿಯ ಕಾಗದಕ್ಕೆ ಮಾತ್ರ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ, ಕೇಳಿದರೆ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದರು. ಮೂರನೆಯ ದಿನ ತಾಯಿಯವರು ದಿಂಬಿನ ಕೆಳಗೆ ಮಡಿಸಿಟ್ಟ ಕಾಗದ ನೋಡಿದರು. ಪಕ್ಕದ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದರು, ಅಂಗಡಿಯವನು ಓದಿರಬಹುದು ಎಂಬ ಸಂಕಟ ಬೇರೆ.

ಇಂಥ ಪತ್ರಗಳು ಪೊಲೀಸ್, ಸಿಬಿಐ, ಗುಪ್ತಚರ ದಳ ಎಂದು ಬೇರೆ ಬೇರೆ ಹೆಸರಿನಲ್ಲಿ ವರ್ಷಗಳಿಂದ ಹರಿದಾಡುತ್ತಿವೆ. ಇವು ನಕಲಿ ಎಂದು ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿ ಪಿಐಬಿ ಹಲವು ಸಲ ಸ್ಪಷ್ಟಪಡಿಸಿದೆ. ಇವುಗಳ ಮುಂದಿನ ಹೆಜ್ಜೆಯೇ ವಿಡಿಯೊ ಕರೆಯಲ್ಲಿ ಕೂರಿಸುವ ಡಿಜಿಟಲ್ ಅರೆಸ್ಟ್. ಅಂಥದ್ದೊಂದು ವ್ಯವಸ್ಥೆ ನಮ್ಮ ಕಾನೂನಿನಲ್ಲೇ ಇಲ್ಲ ಎಂದು 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯೇ ಹೇಳಿದರು.

ನಾನು ತಂದೆಯವರ ಪಕ್ಕದಲ್ಲಿ ಕೂತು ಕಳುಹಿಸಿದವರ ವಿಳಾಸ ತೋರಿಸಿದೆ. ಯಾರು ಬೇಕಾದರೂ ಬಿಟ್ಟಿಯಾಗಿ ತೆರೆಯುವ ಖಾತೆ. ಸರ್ಕಾರದ ಕಚೇರಿಯ ವಿಳಾಸ ಗೌ ಡಾಟ್ ಇನ್ ಅಥವಾ ನಿಕ್ ಡಾಟ್ ಇನ್ ಎಂದು ಮುಗಿಯಬೇಕು ಅಪ್ಪಾಜಿ ಎಂದೆ. ಅವರು ಅದನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡರು. ಆಮೇಲೆ ಊಟಕ್ಕೆ ಎದ್ದರು.

ಪುಸ್ತಕದಂಗಡಿ, ಮೈಸೂರು
ಮಂಗಳವಾರ, ಬೆಳಿಗ್ಗೆ 9.40

ಮೇಡಂ, ನನಗೆ ಬಂದದ್ದು ಇನ್ನೊಂದು ಬಗೆ. ವಿಷಯದ ಸಾಲಿನಲ್ಲೇ ನನ್ನ ಪಾಸ್‌ವರ್ಡ್ ಬರೆದಿತ್ತು! ನಿನ್ನ ಕ್ಯಾಮೆರಾದಿಂದ ವಿಡಿಯೊ ತೆಗೆದಿದ್ದೇನೆ, ಬಿಟ್‌ಕಾಯಿನ್ ಕಳುಹಿಸದಿದ್ದರೆ ಎಲ್ಲರಿಗೂ ಹಂಚುತ್ತೇನೆ ಎಂದು. ಪಾಸ್‌ವರ್ಡ್ ನಿಜವಾಗಿ ನನ್ನದೇ, ಹತ್ತು ವರ್ಷ ಹಿಂದಿನದು. ಅದು ಅವರಿಗೆ ಎಲ್ಲಿ ಸಿಕ್ಕಿತು ಎಂಬ ಭಯ ಇನ್ನೂ ಹೋಗಿಲ್ಲ.

ಸರ್ವರ್ ಕಾಯುವವ, ಬೆಂಗಳೂರು
ಮಂಗಳವಾರ, ಬೆಳಿಗ್ಗೆ 10.10

ಯಾವುದೋ ಹಳೆಯ ಜಾಲತಾಣದಿಂದ ಸೋರಿದ ಪಟ್ಟಿಯಿಂದ ಸಿಕ್ಕಿದ್ದು. 2018ರಿಂದ ಇಂಥ ಪತ್ರಗಳು ಲಕ್ಷಗಟ್ಟಲೆ ಹೋಗಿವೆ, ಒಂದೇ ಒಕ್ಕಣೆ, ಹೆಸರು ಮತ್ತು ಪಾಸ್‌ವರ್ಡ್ ಮಾತ್ರ ಬೇರೆ. ವಿಡಿಯೊ ಇದ್ದಿದ್ದರೆ ಅದರಲ್ಲೊಂದು ತುಣುಕು ತೋರಿಸುತ್ತಿದ್ದ. ಉತ್ತರಿಸಬೇಡಿ. ಆಸ್ಟ್ರೇಲಿಯಾದ ಟ್ರಾಯ್ ಹಂಟ್ 2013ರಲ್ಲಿ ಆರಂಭಿಸಿದ ಹ್ಯಾವ್ ಐ ಬೀನ್ ಪೋನ್ಡ್ ಎಂಬ ತಾಣದಲ್ಲಿ ನಿಮ್ಮ ಇಮೇಲ್ ವಿಳಾಸ ಹಾಕಿದರೆ ಅದು ಯಾವ ಯಾವ ಸೋರಿಕೆಯಲ್ಲಿದೆ ಎಂದು ತೋರಿಸುತ್ತದೆ. ಆ ಹಳೆಯ ಪಾಸ್‌ವರ್ಡ್ ಇನ್ನೂ ಎಲ್ಲಾದರೂ ಬಳಕೆಯಲ್ಲಿದ್ದರೆ ಇವತ್ತೇ ಬದಲಿಸಿ. ಕೆಲಸವಿರುವುದು ಅಷ್ಟೇ.

ಮತ್ತೆ, ಸಾಗರದವರಿಗೆ ಒಂದು ಮಾತು. ನಿಮಗಾದ ಇದೇ ಮೋಸಕ್ಕೆ ಗೂಗಲ್ ಮತ್ತು ಫೇಸ್‌ಬುಕ್ ಕಂಪನಿಗಳೇ ಬಿದ್ದಿವೆ. ಲಿಥುವೇನಿಯಾದ ಒಬ್ಬ, ಅವುಗಳಿಗೆ ಯಂತ್ರಾಂಶ ಪೂರೈಸುವ ತೈವಾನಿನ ಕಂಪನಿಯ ಹೆಸರಿನಲ್ಲಿ ನಕಲಿ ಬಿಲ್ ಕಳುಹಿಸಿ 2013ರಿಂದ 2015ರ ನಡುವೆ 12 ಕೋಟಿ ಡಾಲರ್‌ಗೂ ಹೆಚ್ಚು ಹಣ ಪಡೆದ. 2019ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಅವನಿಗೆ ಐದು ವರ್ಷ ಶಿಕ್ಷೆ ಕೊಟ್ಟಿತು. ಅಲ್ಲಿ ಲೆಕ್ಕ ನೋಡಲು ಎಷ್ಟು ಜನರಿದ್ದರು ಯೋಚಿಸಿ. ನೀವು ಔಷಧಿ ಹೊಡೆಸುತ್ತಾ ಒಂದು ಕೈಯಲ್ಲಿ ಮೊಬೈಲ್ ಹಿಡಿದಿದ್ದಿರಿ.

ನಿವೃತ್ತ ಬ್ಯಾಂಕ್ ನೌಕರ, ದಾವಣಗೆರೆ
ಮಂಗಳವಾರ, ಮಧ್ಯಾಹ್ನ 12.30

ಬ್ಯಾಂಕಿನವರು ಹಣ ತುಂಬಿಕೊಡಬೇಕಲ್ಲವೇ ಎಂದು ಇಬ್ಬರು ನನಗೆ ಖಾಸಗಿಯಾಗಿ ಕೇಳಿದ್ದಾರೆ. ಎಲ್ಲರಿಗೂ ತಿಳಿದಿರಲಿ ಎಂದು ಇಲ್ಲೇ ಬರೆಯುತ್ತೇನೆ.

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಲ್ಲಿ, ಗ್ರಾಹಕನ ಅನುಮತಿಯಿಲ್ಲದೆ ನಡೆದ ವ್ಯವಹಾರಕ್ಕೆ ರಕ್ಷಣೆ ಇದೆ. ಬ್ಯಾಂಕಿನದೂ ಅಲ್ಲದ, ಗ್ರಾಹಕನದೂ ಅಲ್ಲದ ಕಡೆಯಿಂದ ತಪ್ಪಾಗಿದ್ದು, ಬ್ಯಾಂಕಿನಿಂದ ತಿಳಿವಳಿಕೆ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ನಷ್ಟ ಗ್ರಾಹಕನ ಮೇಲೆ ಬೀಳುವುದಿಲ್ಲ. ನಾಲ್ಕರಿಂದ ಏಳು ಕೆಲಸದ ದಿನವಾದರೆ ಒಂದು ಮಿತಿಯವರೆಗೆ ಬೀಳುತ್ತದೆ. ಆದರೆ ಸಾಗರದವರ ಹಣವನ್ನು ಅವರೇ, ತಮ್ಮ ಕೈಯಿಂದಲೇ, ತಿಳಿದು ಕಳುಹಿಸಿದ್ದಾರೆ. ಆ ಸುತ್ತೋಲೆಯ ನೆರಳು ಇಲ್ಲಿಗೆ ಸಲೀಸಾಗಿ ಬರುವುದಿಲ್ಲ. ಸುಳ್ಳು ಭರವಸೆ ಕೊಡಲು ನನಗೆ ಮನಸ್ಸಿಲ್ಲ. ಇರುವ ದಾರಿ 1930ರ ಮೂಲಕ ತಡೆಹಿಡಿದದ್ದು ಮತ್ತು ಪೊಲೀಸ್ ತನಿಖೆ.

ಇನ್ನು ಪರದೆಯ ಮೇಲೆ ಕಂಡ ಹೆಸರಿನ ವಿಷಯ. ಮೂವತ್ತೆರಡು ವರ್ಷ ಕೌಂಟರಿನಲ್ಲಿ ಕೂತವನು ನಾನು. ನನ್ನ ಕಾಲದಲ್ಲಿ ಆರ್‌ಟಿಜಿಎಸ್, ನೆಫ್ಟ್ ಎರಡರಲ್ಲೂ ಹಣ ಹೋಗುತ್ತಿದ್ದುದು ಖಾತೆ ಸಂಖ್ಯೆ ನೋಡಿ, ಚಲನ್‌ನಲ್ಲಿ ಬರೆದ ಹೆಸರನ್ನು ಯಂತ್ರ ಹೋಲಿಸುತ್ತಿರಲಿಲ್ಲ. ಎಷ್ಟೋ ಜನ ಅಲ್ಲಿ ಮೋಸ ಹೋದರು. ಕೊನೆಗೆ ರಿಸರ್ವ್ ಬ್ಯಾಂಕ್, ಹಣ ಕಳುಹಿಸುವ ಮುನ್ನ ಖಾತೆದಾರನ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ಬ್ಯಾಂಕುಗಳಿಗೆ ಹೇಳಿತು. ಅದಕ್ಕೆ ಗ್ರಾಹಕನಿಂದ ಶುಲ್ಕವನ್ನೂ ತೆಗೆದುಕೊಳ್ಳುವಂತಿಲ್ಲ. ಆ ಹೆಸರು ಬೇರೆಯಾಗಿ ಕಂಡರೆ ಅಲ್ಲೇ ನಿಲ್ಲಿ. ಹೆಸರು ಬೇರೆ ಇರುತ್ತದೆ, ಚಿಂತಿಸಬೇಡಿ ಎಂದು ಯಾರಾದರೂ ಮುಂಚೆಯೇ ಹೇಳಿದ್ದರೆ ಇನ್ನೂ ಗಟ್ಟಿಯಾಗಿ ನಿಲ್ಲಿ. ಆಮೇಲೆ ಫೋನ್ ಮಾಡಿ ಕೇಳಿ, ಆ ಪತ್ರದಲ್ಲಿರುವ ಸಂಖ್ಯೆಗಲ್ಲ, ನಿಮ್ಮ ಬಳಿ ಹಿಂದಿನಿಂದ ಇರುವ ಸಂಖ್ಯೆಗೆ.

ಬ್ಯಾಂಕಿನ ತಾಣಗಳ ಬಗ್ಗೆಯೂ ಒಂದು ಗುರುತು ಹೇಳುತ್ತೇನೆ. ನಮ್ಮ ಬ್ಯಾಂಕುಗಳು ಬ್ಯಾಂಕ್ ಡಾಟ್ ಇನ್ ಎಂದು ಮುಗಿಯುವ ವಿಳಾಸಕ್ಕೆ 2025ರ ಅಕ್ಟೋಬರ್ 31ರೊಳಗೆ ಹೋಗಬೇಕೆಂದು ರಿಸರ್ವ್ ಬ್ಯಾಂಕ್ ಗಡುವು ಕೊಟ್ಟಿತ್ತು. ಆ ಬಾಲವನ್ನು ಬೇರೆಯವರು ಕೊಂಡುಕೊಳ್ಳಲು ಬರುವುದಿಲ್ಲ. ಆದರೆ ಅದು ವಿಳಾಸದ ಕೊನೆಯಲ್ಲಿರಬೇಕು, ಅಂದರೆ ಆರಂಭದ ಎಚ್‌ಟಿಟಿಪಿಎಸ್ ಪಕ್ಕದ ಜೋಡಿ ಓರೆಗೆರೆ ಬಿಟ್ಟು, ಆಮೇಲೆ ಬರುವ ಮೊದಲ ಓರೆಗೆರೆಗೆ ಮುಂಚೆ, ಅದಕ್ಕೆ ಅಂಟಿಕೊಂಡಂತೆ. ನಡುವೆ ಎಲ್ಲೋ ತುರುಕಿ ಕೊನೆಯಲ್ಲಿ ಬೇರೆ ಬಾಲ ಅಂಟಿಸಿದ್ದರೆ ಅದು ಬ್ಯಾಂಕಿನದಲ್ಲ.

ಕಾನೂನು ವಿದ್ಯಾರ್ಥಿನಿ, ಧಾರವಾಡ
ಮಂಗಳವಾರ, ಮಧ್ಯಾಹ್ನ 2.15

ಸಾಗರದ ಸರ್ ಅವರಿಗೆ: ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡುವ ನಿಮ್ಮ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆ ಶಿವಮೊಗ್ಗದಲ್ಲಿದೆ. ಅಲ್ಲಿಗೇ ಹೋಗಬೇಕೆಂದೇನೂ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 173ನೇ ಕಲಮಿನಂತೆ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಎಲೆಕ್ಟ್ರಾನಿಕ್ ಮಾರ್ಗದಲ್ಲಿ ಕೊಟ್ಟರೆ ಮೂರು ದಿನದೊಳಗೆ ಸಹಿ ಹಾಕಬೇಕು.

ಐಟಿ ಕಾಯಿದೆಯ 66ಸಿ ಮತ್ತು 66ಡಿ, ಭಾರತೀಯ ನ್ಯಾಯ ಸಂಹಿತೆಯ 318 ಮತ್ತು 319, ಇವು ನಿಮ್ಮ ದೂರಿಗೆ ಹೊಂದುತ್ತವೆ. ಕಲಮು ಹಾಕುವುದು ಪೊಲೀಸರ ಕೆಲಸ, ನೀವು ಘಟನೆಯನ್ನು ತಾರೀಖಿನ ಕ್ರಮದಲ್ಲಿ ಬರೆದುಕೊಟ್ಟರೆ ಸಾಕು. ಹಣ ತಡೆಹಿಡಿದ ಸುದ್ದಿ ಬಂದರೆ ಸುಮ್ಮನೆ ಕೂರಬೇಡಿ. ಅದು ತಾನಾಗಿ ನಿಮ್ಮ ಖಾತೆಗೆ ಹರಿದು ಬರುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ಬಿಎನ್‌ಎಸ್‌ಎಸ್ 503ರ ಅಡಿ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಿ ಆದೇಶ ಪಡೆಯಬಹುದು.

ಮನೆಯಾಕೆ, ಕುಂದಾಪುರ
ಮಂಗಳವಾರ, ಸಂಜೆ 5.00

ಇಷ್ಟು ದೊಡ್ಡ ವಿಷಯದ ನಡುವೆ ನನ್ನದು ಸಣ್ಣ ಪ್ರಶ್ನೆ, ಆದರೆ ದಿನಾ ಕಾಡುತ್ತದೆ. ನನ್ನ ಪೆಟ್ಟಿಗೆಗೆ ದಿನಕ್ಕೆ ನಲವತ್ತು, ಐವತ್ತು ಪತ್ರ ಬರುತ್ತವೆ. ಸೀರೆ ಅಂಗಡಿ, ಸಾಲ ಕೊಡುವವರು, ಯಾವುದೋ ಕೋರ್ಸ್. ಮಗನ ಶಾಲೆಯ ಪತ್ರ ಅದರ ಅಡಿಯಲ್ಲಿ ಹೂತುಹೋಗುತ್ತದೆ. ಕೆಳಗೆ ಚಂದಾ ರದ್ದು ಎಂದು ಇರುತ್ತದಲ್ಲ, ಅದನ್ನು ಒತ್ತಬಹುದೇ? ಒತ್ತಿದರೆ ಇನ್ನೂ ಹೆಚ್ಚು ಬರುತ್ತದೆ ಎಂದು ನಾದಿನಿ ಹೆದರಿಸಿದ್ದಾಳೆ.

ಸರ್ವರ್ ಕಾಯುವವ, ಬೆಂಗಳೂರು
ಮಂಗಳವಾರ, ರಾತ್ರಿ 8.45

ಸಣ್ಣ ಪ್ರಶ್ನೆ ಅಲ್ಲವೇ ಅಲ್ಲ ಅಕ್ಕ. ಪೆಟ್ಟಿಗೆ ಕಸದಿಂದ ತುಂಬಿದ್ದಾಗಲೇ ಕಣ್ಣು ಓಡಿಸಿ ಓದುತ್ತೇವೆ, ಆಗಲೇ ಎಮ್‌ಗೂ ಆರ್-ಎನ್‌ಗೂ ವ್ಯತ್ಯಾಸ ಕಾಣದೆ ಹೋಗುತ್ತದೆ.

ನಾದಿನಿ ಹೇಳಿದ್ದು ಅರ್ಧ ನಿಜ. ನೀವೇ ಖರೀದಿ ಮಾಡಿದ, ಹೆಸರು ಗೊತ್ತಿರುವ ಅಂಗಡಿಯಾದರೆ ಚಂದಾ ರದ್ದು ಧೈರ್ಯವಾಗಿ ಒತ್ತಿ. ಪತ್ರದ ಒಳಗಿನ ಕೊಂಡಿಗಿಂತ ಜಿಮೇಲ್ ತಾನೇ ಮೇಲ್ಗಡೆ, ಕಳುಹಿಸಿದವರ ಹೆಸರಿನ ಪಕ್ಕದಲ್ಲಿ ತೋರಿಸುವ ಗುಂಡಿ ಉತ್ತಮ. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ, ರಾಶಿಯಾಗಿ ಜಾಹೀರಾತು ಪತ್ರ ಕಳುಹಿಸುವವರು ಒಂದೇ ಒತ್ತಿನಲ್ಲಿ ರದ್ದಾಗುವಂತೆ ಮಾಡಬೇಕು, ಎರಡು ದಿನದೊಳಗೆ ಪಾಲಿಸಬೇಕು ಎಂಬ ನಿಯಮ ತಂದಿವೆ. ಹೆಸರೇ ಕೇಳಿಲ್ಲದವರಿಂದ ಬಂದಿದ್ದರೆ ಯಾವುದನ್ನೂ ಒತ್ತದೆ ಸ್ಪ್ಯಾಮ್ ಎಂದು ಗುರುತಿಸಿ. ಅಲ್ಲಿ ಒತ್ತಿದರೆ ಈ ವಿಳಾಸವನ್ನು ಒಬ್ಬರು ಓದುತ್ತಿದ್ದಾರೆ ಎಂದು ನೀವೇ ಹೇಳಿಕೊಟ್ಟ ಹಾಗೆ. ಪತ್ರದಲ್ಲಿರುವ ಚಿತ್ರಗಳೂ ಇದನ್ನೇ ಹೇಳುತ್ತವೆ, ಒಂದು ಚುಕ್ಕಿಯಷ್ಟು ಚಿತ್ರ ತೆರೆದುಕೊಂಡರೂ ಕಳುಹಿಸಿದವನಿಗೆ ಗೊತ್ತಾಗಬಹುದು. ಸೆಟ್ಟಿಂಗ್ಸ್‌ನಲ್ಲಿ ಹೊರಗಿನ ಚಿತ್ರಗಳನ್ನು ಕೇಳಿದ ಮೇಲೆ ತೋರಿಸು ಎಂದು ಮಾಡಿಡಿ.

ನನಗೆ ಬಹಳ ಉಪಯೋಗವಾದ ಒಂದು ಉಪಾಯ ಇದೆ. ಜಿಮೇಲ್ ವಿಳಾಸದಲ್ಲಿ ನಿಮ್ಮ ಹೆಸರಿನ ನಂತರ, ಅಟ್ ಚಿಹ್ನೆಗೆ ಮುಂಚೆ, ಕೂಡಿಸುವ ಚಿಹ್ನೆ ಹಾಕಿ ಯಾವ ಪದ ಸೇರಿಸಿದರೂ ಪತ್ರ ನಿಮಗೇ ಬರುತ್ತದೆ. ಸೀರೆ ಅಂಗಡಿಗೆ ಕೊಡುವಾಗ ಪ್ಲಸ್ ಸೀರೆ ಎಂದು ಕೊಡಿ. ಮುಂದೆ ಆ ವಿಳಾಸಕ್ಕೆ ಸಾಲದವನ ಪತ್ರ ಬಂದರೆ ನಿಮ್ಮ ವಿಳಾಸ ಎಲ್ಲಿಂದ ಹೋಯಿತೆಂದು ತಿಳಿಯುತ್ತದೆ. ಕೆಲವು ತಾಣಗಳು ಆ ಚಿಹ್ನೆಯನ್ನು ಒಪ್ಪುವುದಿಲ್ಲ, ಆಗ ಎರಡನೆಯ ಖಾತೆಯೊಂದನ್ನು ಅಂಗಡಿಗಳಿಗೆಂದೇ ಇಟ್ಟುಕೊಳ್ಳಿ. ಫಿಲ್ಟರ್ ಕಳ್ಳರ ಆಸ್ತಿಯಲ್ಲ, ನಾವೂ ಹಾಕಬಹುದು. ಶಾಲೆಯ ವಿಳಾಸದಿಂದ ಬಂದದ್ದಕ್ಕೆ ನಕ್ಷತ್ರ ಬೀಳುವಂತೆ ಒಂದು ಫಿಲ್ಟರ್ ಮಾಡಿ.

ನಿವೃತ್ತ ಬ್ಯಾಂಕ್ ನೌಕರ, ದಾವಣಗೆರೆ
ಮಂಗಳವಾರ, ರಾತ್ರಿ 9.20

ಎಸ್ಎಂಎಸ್ ಮತ್ತು ಕರೆಗಳ ಕಾಟಕ್ಕೆ 1909 ಇದೆ. ಸ್ಟಾರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ಸೊನ್ನೆ ಹಾಕಿ 1909ಕ್ಕೆ ಕಳುಹಿಸಿದರೆ ಜಾಹೀರಾತು ಕರೆ, ಸಂದೇಶ ನಿಲ್ಲಬೇಕು. ಆ ಮೇಲೂ ಬಂದರೆ ಏಳು ದಿನದೊಳಗೆ ದೂರು ಕೊಡಬಹುದು. ಸಂದೇಶ ಕಳುಹಿಸಿದವರ ಹೆಸರಿನ ಕೊನೆಯಲ್ಲಿ ಈಗ ಒಂದು ಇಂಗ್ಲಿಷ್ ಅಕ್ಷರವೂ ಇರುತ್ತದೆ: ಪಿ ಎಂದರೆ ಜಾಹೀರಾತು, ಎಸ್ ಸೇವೆ, ಟಿ ವ್ಯವಹಾರ, ಜಿ ಸರ್ಕಾರ. ಹಣ ಹೋಗಿಲ್ಲ, ಆದರೆ ಮೋಸದ ಪ್ರಯತ್ನವೆನಿಸಿದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದ ಚಕ್ಷು ವಿಭಾಗದಲ್ಲಿ ತಿಳಿಸಿ. ಹಣ ಹೋಗಿದ್ದರೆ ಅಲ್ಲಿ ಸಮಯ ಕಳೆಯಬೇಡಿ, ನೇರ 1930.

ದುಬೈ ಕನ್ನಡಿಗ
ಬುಧವಾರ, ಬೆಳಿಗ್ಗೆ 10.00

ಊರಿನ ಹುಡುಗರು ನನಗೆ ತಿಂಗಳಿಗೆ ಒಂದಾದರೂ ನೇಮಕಾತಿ ಪತ್ರ ಕಳುಹಿಸಿ, ಅಣ್ಣಾ ಇದು ನಿಜವೇ ನೋಡಿ ಎನ್ನುತ್ತಾರೆ. ದೊಡ್ಡ ಹೋಟೆಲಿನ ಹೆಸರು, ಚಿನ್ನದ ಬಣ್ಣದ ಅಂಚು, ಸಂಬಳ ದಿರ್ಹಮಿನಲ್ಲಿ. ಕೊನೆಯಲ್ಲಿ ವೀಸಾ ಶುಲ್ಕ, ವೈದ್ಯಕೀಯ ಶುಲ್ಕ ಎಂದು ಭಾರತದ ಯುಪಿಐ ಸಂಖ್ಯೆ. ಯುಎಇ ಕಾರ್ಮಿಕ ಕಾನೂನಿನಂತೆ ನೇಮಕಾತಿಯ ವೆಚ್ಚವನ್ನು ಕೆಲಸ ಕೊಡುವವನೇ ಭರಿಸಬೇಕು. ಹಣ ಕೇಳಿದ ಸಾಲನ್ನು ಕಂಡ ಮೇಲೆ ಉಳಿದದ್ದನ್ನು ಓದಬೇಕಾಗಿಯೇ ಇಲ್ಲ. ಏಜೆಂಟರ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದ ಪಟ್ಟಿಯಲ್ಲಿದೆಯೇ ಎಂದು ನೋಡಿ.

ಇನ್ನೊಂದು ಮಾತು. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ ಎಂದು ಕರೆಸಿಕೊಂಡು ಮ್ಯಾನ್ಮಾರಿನ ಗಡಿ ದಾಟಿಸಿ, ಕಾವಲಿನಲ್ಲಿಟ್ಟು, ಇಂಥ ಮೋಸದ ಸಂದೇಶಗಳನ್ನೇ ಬರೆಸಿಕೊಳ್ಳುವ ದೊಡ್ಡ ದೊಡ್ಡ ಆವರಣಗಳಿವೆ. ಅಲ್ಲಿಂದ ನೂರಾರು ಭಾರತೀಯರನ್ನು ನಮ್ಮ ಸರ್ಕಾರ ವಿಮಾನದಲ್ಲಿ ಕರೆತಂದಿದೆ. ನಿಮಗೆ ಬಂದ ಪತ್ರ ಬರೆದವನೂ ಮನೆಗೆ ಹೋಗಲಾರದೆ ಕೂತ ಯಾರದೋ ಮಗನಿರಬಹುದು. ಹಾಗೆಂದು ಹಣ ಕಳುಹಿಸಬೇಕಿಲ್ಲ. ಊರಿನ ಹುಡುಗರು ಅಲ್ಲಿಗೆ ಹೋಗದಂತೆ ನೋಡಿಕೊಳ್ಳಬೇಕು.

ಹಾಳೆತಟ್ಟೆ, ಸಾಗರ
ಮುಂದಿನ ಸೋಮವಾರ, ರಾತ್ರಿ 8.30

ಎಲ್ಲರಿಗೂ ತಿಳಿಸಬೇಕಾದದ್ದು ಇದೆ.

1,12,000 ರೂಪಾಯಿ ಎರಡನೆಯ ಖಾತೆಯಲ್ಲಿ ಸಿಕ್ಕಿದೆ, ತಡೆಹಿಡಿದಿದ್ದಾರೆ. ಉಳಿದದ್ದು ಶುಕ್ರವಾರ ಸಂಜೆಯೇ ಹಲವು ಖಾತೆಗಳಿಗೆ ಹಂಚಿಹೋಗಿದೆ. ಶಿವಮೊಗ್ಗಕ್ಕೆ ಹೋಗಿ ದೂರು ಕೊಟ್ಟೆ. ಮೂಲ ಪತ್ರದ ಕಡತವನ್ನು ಪೆನ್‌ಡ್ರೈವ್‌ನಲ್ಲಿ ಒಯ್ದಿದ್ದೆ, ಫಿಲ್ಟರಿನ ಚಿತ್ರದ ಪ್ರಿಂಟೂ ಇತ್ತು. ಅಧಿಕಾರಿ ಆ ಚಿತ್ರವನ್ನು ಎರಡು ಸಲ ನೋಡಿ, ಇದನ್ನು ತೆಗೆದಿಡಲು ನಿಮಗೆ ಯಾರು ಹೇಳಿದರು ಎಂದು ಕೇಳಿದರು. ವೇದಿಕೆಯವರು ಎಂದೆ. 503ರ ಅರ್ಜಿಗೆ ವಕೀಲರನ್ನು ನೋಡಿದ್ದೇನೆ.

ಕೊಯಮತ್ತೂರಿಗೆ ಫೋನ್ ಮಾಡಿ ಮೊದಲು ಕ್ಷಮೆ ಕೇಳಿದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ಯಂತ್ರವನ್ನು ಬೇರೆಯವರಿಗೆ ಕೊಡದೆ ಎರಡು ತಿಂಗಳು ಇಟ್ಟುಕೊಳ್ಳುತ್ತೇನೆ ಎಂದರು. ಇನ್ನು ಮುಂದೆ ಖಾತೆ ಬದಲಾದರೆ ಅವರು ಫೋನ್‌ನಲ್ಲಿ ಹೇಳಬೇಕು, ಆಮೇಲೆ ನಾನು 2021ರ ಬಿಲ್ಲಿನಲ್ಲಿರುವ ಸಂಖ್ಯೆಗೆ ತಿರುಗಿ ಫೋನ್ ಮಾಡಿ ಕೇಳಬೇಕು, ಮೊದಲು ನೂರು ರೂಪಾಯಿ ಹಾಕಿ ಮುಟ್ಟಿತೆಂದು ಅವರ ಬಾಯಿಂದ ಕೇಳಿದ ಮೇಲೆ ಉಳಿದದ್ದು, ಎಂದು ಇಬ್ಬರೂ ಒಪ್ಪಿಕೊಂಡಿದ್ದೇವೆ. ಮಗಳು ಆ ಸಂಖ್ಯೆಯನ್ನು ಕೆಂಪು ಶಾಯಿಯಲ್ಲಿ ಬರೆದು ಲೆಕ್ಕದ ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದಾಳೆ.

ಕೆಲಸದವರನ್ನೂ ಕೂರಿಸಿ ಹೇಳಿದೆ. ನಡುವೆ ಒಬ್ಬಾಕೆ ತನ್ನ ಮೊಬೈಲ್ ತಂದು ತೋರಿಸಿದಳು. ಮದುವೆಯ ಕರೆಯೋಲೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಎಪಿಕೆ ಕಡತ ಬಂದಿತ್ತು. ಯಾರ ಮದುವೆ ಎಂದು ಗೊತ್ತಾಗದೆ ಎರಡು ದಿನದಿಂದ ತೆರೆಯದೆ ಇಟ್ಟಿದ್ದಳಂತೆ.

ಸರ್ವರ್ ಕಾಯುವವ, ಬೆಂಗಳೂರು
ಸೋಮವಾರ, ರಾತ್ರಿ 8.42

ತೆರೆಯುವುದು ಬೇಡವೆಂದು ಆಕೆಗೆ ಈಗಲೇ ಹೇಳಿ ಸರ್. ಅದು ಕರೆಯೋಲೆಯಲ್ಲ, ಆ್ಯಪ್. ಒಮ್ಮೆ ಒಳಸೇರಿದರೆ ಬ್ಯಾಂಕಿನ ಒಟಿಪಿ ಎಸ್ಎಂಎಸ್‌ಗಳನ್ನು ಓದಬಲ್ಲದು. ಕಳುಹಿಸಿದ ಸಂಖ್ಯೆ ಗುರುತಿನವರದ್ದಾಗಿದ್ದರೆ ಅವರ ಮೊಬೈಲೂ ಸಿಕ್ಕಿಬಿದ್ದಿರಬಹುದು, ಅವರಿಗೆ ಫೋನ್ ಮಾಡಿ ತಿಳಿಸಲಿ.

ಹಾಳೆತಟ್ಟೆ, ಸಾಗರ
ಸೋಮವಾರ, ರಾತ್ರಿ 9.10

ಹೇಳಿದೆ. ಅಳಿಸಿದ್ದಾಳೆ. ಕಳುಹಿಸಿದ್ದು ಅವಳ ಚಿಕ್ಕಪ್ಪನ ಸಂಖ್ಯೆಯಿಂದ. ಅವರ ಫೋನ್ ನಾಲ್ಕು ದಿನದಿಂದ ಬಿಸಿಯಾಗುತ್ತಿದೆಯಂತೆ, ಬ್ಯಾಟರಿ ಹಾಳಾಗಿದೆ ಎಂದುಕೊಂಡಿದ್ದರು. ಈಗ ಸಿಮ್ ತೆಗೆಸಿ, ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿಸುತ್ತಿದ್ದೇವೆ.